ರಾಹೇಲತ್ತೆ ಹೇಳದೆ ಬಿಟ್ಟ ಸಾಲು

ಪುಣೆಯ ಕ್ಯಾಂಪಿನಲ್ಲಿ, ದಂಡಿನವರ ಸಮವಸ್ತ್ರ ಹೊಲಿಯುವ ಅಂಗಡಿಗಳ ಹಿಂದಿನ ಓಣಿಯಲ್ಲಿ ನಮ್ಮ ಮನೆ ಇತ್ತು. ಮನೆ ಎಂದರೆ ಓಣಿಗೆ ಮುಖ ಮಾಡಿದ ಒಂದು ಕಟ್ಟೆ, ಒಂದು ಪಡಸಾಲೆ, ಅದರ ಹಿಂದೆ ಅಡಿಗೆಯ ಕೋಣೆ. ಎರಡು ಕೋಣೆಗಳ ನಡುವೆ ಚೌಕಟ್ಟು ಇತ್ತೇ ಹೊರತು ಬಾಗಿಲು ಇರಲಿಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ಯಾವ ಮಾತೂ ಒಂದೇ ಕೋಣೆಯ ಮಾತಾಗಿ ಉಳಿಯುತ್ತಿರಲಿಲ್ಲ. ಅಪ್ಪ ಅಂಥದೇ ಒಂದು ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಕೆಲಸ ಮಾಡುತ್ತಿದ್ದ. ಸಂಜೆ ಬರುವಾಗ ಅವನ ಉಗುರುಗಳಲ್ಲಿ ಸೀಮೆಸುಣ್ಣ, ಅಂಗಿಯ ಮೇಲೆ ಖಾಕಿ ದಾರದ ಎಳೆಗಳು. ಅವ್ವ ರೊಟ್ಟಿ ಬಡಿಯುವ ಸಪ್ಪಳ ಓಣಿಯ ಆಚೆ ಬದಿಗೂ ಕೇಳುತ್ತಿತ್ತು. ಎದುರು ಮನೆಯ ಮರಾಠಿ ಹೆಂಗಸರು ಅದನ್ನು ಕೇಳಿಯೇ ಹೊತ್ತು ಎಷ್ಟಾಯಿತೆಂದು ತಿಳಿಯುತ್ತಿದ್ದರು. ನಾವು ಧಾರವಾಡದ ಕಡೆಯಿಂದ ಬಂದ ಕ್ರೈಸ್ತರು. ಓಣಿಯಲ್ಲಿ ಮರಾಠಿ, ಅಪ್ಪನ ಅಂಗಡಿಯಲ್ಲಿ ಹಿಂದೂಸ್ತಾನಿ, ಹೊಸ್ತಿಲು ದಾಟಿ ಒಳಗೆ ಬಂದರೆ ಕನ್ನಡ. ಭಾನುವಾರದ ದೇವಾಲಯದಲ್ಲಿ ಪ್ರಾರ್ಥನೆಯೂ ಹಾಡೂ ಮರಾಠಿಯಲ್ಲೇ ನಡೆಯುತ್ತಿದ್ದವು. ಅವ್ವ ಅಲ್ಲಿ ಎಲ್ಲರ ಜೊತೆ ಚೆನ್ನಾಗಿಯೇ ಹಾಡುತ್ತಿದ್ದಳು. ಆದರೆ ಮನೆಗೆ ಬಂದು ಹೇಳುತ್ತಿದ್ದಳು:

"ಮರಾಠ್ಯಾಗ ಹಾಡಬಹುದು. ಅಳಾಕ ಮಾತ್ರ ಕನ್ನಡನ ಬೇಕು."

ಹಾಗೆ ಅಳುವುದಕ್ಕೆಂದೇ ಏನೋ, ಗುರುವಾರದ ದಿನ ದೀಪ ಹಚ್ಚುವ ಹೊತ್ತಿಗೆ ನಮ್ಮ ಪಡಸಾಲೆಯಲ್ಲಿ ಕನ್ನಡದ ಕೂಟ ಸೇರುತ್ತಿತ್ತು. ಅವತ್ತು ಜಮಖಾನೆ ಹಾಸುವುದು, ಕಂದೀಲಿನ ಗಾಜನ್ನು ಬೂದಿಯಿಂದ ಉಜ್ಜುವುದು ನನ್ನ ಪಾಲಿನ ಕೆಲಸ. ಬರುತ್ತಿದ್ದವರು ಬೆರಳೆಣಿಕೆಯ ಮಂದಿ. ಯೋಹಾನ ಮಾಸ್ತರರು ಎಲ್ಲರಿಗಿಂತ ಹಿರಿಯರು, ಗದಗಿನ ಕಡೆ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು, ಹೆಂಡತಿ ತೀರಿಕೊಂಡ ಮೇಲೆ ಒಂಟಿಯಾಗಿದ್ದರು. ದಾವೀದಪ್ಪ ಮತ್ತು ಅವನ ಹೆಂಡತಿ ಸಾರವ್ವ ನಮ್ಮ ಓಣಿಯ ತುದಿಯಲ್ಲಿ ಬೇಕರಿ ಇಟ್ಟಿದ್ದರು. ಸಲೋಮಿಬಾಯಿ ಆಸ್ಪತ್ರೆಯಲ್ಲಿ ನರ್ಸು. ಇವರ ಜೊತೆ ನಮ್ಮ ಮನೆಯವರು: ಅಪ್ಪ, ಅವ್ವ, ನಾನು, ಮತ್ತು ಅಪ್ಪನ ಅಕ್ಕ ರಾಹೇಲತ್ತೆ.

ಹಾಡು ಮುಗಿದು, ಓದು ಮುಗಿದು, ಕೊನೆಯ ಪ್ರಾರ್ಥನೆಗೆ ಮುಂಚೆ ಮಾಸ್ತರರು ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡು ಒಬ್ಬೊಬ್ಬರನ್ನೇ ಕೇಳುತ್ತಿದ್ದರು, "ಈ ವಾರ ಹ್ಯಾಂಗ ನಡದ್ರಿ?" ಅದು ಆರೋಗ್ಯ ವಿಚಾರಿಸುವ ಪ್ರಶ್ನೆಯಲ್ಲ. ಒಪ್ಪಿಕೊಂಡ ದಾರಿಯಲ್ಲಿ ಎಷ್ಟು ನಡೆದಿರಿ, ಎಲ್ಲಿ ಎಡವಿದಿರಿ ಎಂಬುದಕ್ಕೆ ಉತ್ತರ ಬೇಕಿತ್ತು. ದಾವೀದಪ್ಪ ಒಮ್ಮೆ ತಲೆ ತಗ್ಗಿಸಿ, ನಿನ್ನೆಯ ಬ್ರೆಡ್ಡನ್ನು ಇವತ್ತಿನದರ ಜೊತೆ ಕೂಡಿಸಿ ಮಾರಿದೆ ಎಂದ. ಯಾರೂ ಅವನನ್ನು ಬಯ್ಯಲಿಲ್ಲ. "ನಾಳೆ ಮುಂಜಾನೆ ನಾ ಬರ್ತೀನಿ, ಹಳೇದು ಹೊಸದು ಬ್ಯಾರೆ ಬ್ಯಾರೆ ಇಡೂಣು" ಎಂದಳು ಸಲೋಮಿಬಾಯಿ, ಮರುದಿನ ಡ್ಯೂಟಿಗೆ ಹೋಗುವ ಮೊದಲು ಹೋಗಿ ಇಟ್ಟಳು ಕೂಡ. ಅಪ್ಪನ ಸರದಿ ಬಂದರೆ ಅವನ ಸಿಟ್ಟು. ಅವ್ವನದು ಬಂದರೆ, ಉಪ್ಪಿನಕಾಯಿ ಭರಣಿಯ ಸಲುವಾಗಿ ತಾನೂ ಅತ್ತೆಯೂ ಮಾತು ಬಿಟ್ಟ ಸುದ್ದಿ. ನಮ್ಮ ಮನೆಯ ಜಗಳ ಹೀಗೆ ಜಮಖಾನೆಯ ಮೇಲೆ ಬಂದು ಬಿದ್ದಾಗ ನನಗೆ ನಾಚಿಕೆಯಾಗುತ್ತಿತ್ತು. ಮಾಸ್ತರರು ಇಬ್ಬರಿಗೂ, "ಹೋಗ್ರಿ, ಒಂದು ತಾಟಿನಾಗ ಉಂಡು ಬರ್ರಿ" ಎನ್ನುತ್ತಿದ್ದರು. ಇಬ್ಬರೂ ಒಳಗೆ ಹೋಗಿ ಒಂದೇ ತಾಟಿನಲ್ಲಿ, ಒಬ್ಬರ ಮುಖ ಒಬ್ಬರು ನೋಡದೆ, ಅರ್ಧರ್ಧ ರೊಟ್ಟಿ ತಿಂದು ಬರುತ್ತಿದ್ದರು. ಮರುದಿನದ ಹೊತ್ತಿಗೆ ಮಾತು ತಾನಾಗಿಯೇ ಶುರುವಾಗುತ್ತಿತ್ತು.

ರಾಹೇಲತ್ತೆ ನಮ್ಮ ಮನೆಗೆ ಬಂದದ್ದು ನಾನು ಹುಟ್ಟುವುದಕ್ಕೂ ಮೊದಲು. ಅವಳ ಗಂಡನನ್ನು ಹೊಲದ ಬದುವಿನ ಜಗಳದಲ್ಲಿ ಯಾರೋ ಕೊಂದು ಹಾಕಿದ್ದರು. ಮಾಡಿದವರು ಯಾರೆಂದು ಊರಿಗೆಲ್ಲ ಗೊತ್ತಿತ್ತಂತೆ, ಸಾಕ್ಷಿ ಹೇಳುವವರು ಮಾತ್ರ ಒಬ್ಬರೂ ಇರಲಿಲ್ಲ. ಬೆಳಗ್ಗೆ ಹೊಲಕ್ಕೆ ಬುತ್ತಿ ತೆಗೆದುಕೊಂಡು ಹೋದವಳು ಅತ್ತೆಯೇ. ಅವನನ್ನು ಮೊದಲು ಕಂಡವಳೂ ಅವಳೇ. ಇಷ್ಟನ್ನು ಅವ್ವ ನನಗೆ ಹೇಳಿದ್ದಳು. ಅತ್ತೆ ತಾನಾಗಿ ಅದರ ಬಗ್ಗೆ ಒಂದು ಮಾತೂ ಆಡಿದವಳಲ್ಲ. ಎತ್ತರದ ಹೆಂಗಸು, ಕೆಲಸದಲ್ಲಿ ಚುರುಕು, ಮಾತಿನಲ್ಲಿ ಬಿರುಸು. ರಾತ್ರಿ ನಾನು ಮಲಗುತ್ತಿದ್ದುದು ಅವಳ ಪಕ್ಕದಲ್ಲಿ, ನನ್ನ ತಲೆ ಬಾಚುತ್ತಿದ್ದವಳು ಅವಳು, ನನಗೆ ಅಕ್ಷರಕ್ಕಿಂತ ಮೊದಲು ಪ್ರಾರ್ಥನೆ ಕಲಿಸಿದವಳೂ ಅವಳೇ.

ಅಪ್ಪ ಭಾನುವಾರ ಮಧ್ಯಾಹ್ನ ಪಾದ್ರಿಗಳ ಜೊತೆ ಯೆರವಡಾದ ಜೈಲಿಗೆ ಹೋಗುತ್ತಿದ್ದ. ಆಗ ಯೆರವಡಾ ಎಂದರೆ ಜನರ ಬಾಯಲ್ಲಿ ಸ್ವಾತಂತ್ರ್ಯ ಚಳವಳಿಯವರ ಹೆಸರು. ಅಲ್ಲಿಗೆ ಹೋಗಿ ಬಂದವರಿಗೆ ಪೇಟೆಯಲ್ಲಿ ಹೂವಿನ ಮಾಲೆ ಬೀಳುತ್ತಿತ್ತು. ಅಪ್ಪ ನೋಡಲು ಹೋಗುತ್ತಿದ್ದವರಿಗೆ ಮಾಲೆ ಹಾಕುವವರು ಯಾರೂ ಇರಲಿಲ್ಲ. ಬಿಜಾಪುರದ ಕಡೆಯ ಕೆಲವು ಕೈದಿಗಳಿಗೆ ಕನ್ನಡ ಬಿಟ್ಟು ಬೇರೆ ಬಾರದು, ಪಾದ್ರಿಗಳಿಗೆ ಕನ್ನಡ ಬಾರದು, ಅದಕ್ಕೆ ಅಪ್ಪ. ಅವರಲ್ಲಿ ಯಲ್ಲಪ್ಪ ಎಂಬವನೊಬ್ಬನಿದ್ದ. ಹೊಲದ ಪಾಲಿನ ಜಗಳದಲ್ಲಿ ಒಡಹುಟ್ಟಿದ ತಮ್ಮನನ್ನೇ ಕೊಡಲಿಯಿಂದ ಹೊಡೆದು ಕೊಂದವನು. ಅಪ್ಪನ ಹತ್ತಿರ ಓದಲು ಕಲಿತ, ಕಡೆಗೆ ಜೈಲಿನಲ್ಲೇ ದೀಕ್ಷಾಸ್ನಾನ ಪಡೆದ. ಹೊಸ ಹೆಸರು ಏನು ಇಡೋಣ ಎಂದು ಕೇಳಿದರೆ ಬೇಡವೆಂದನಂತೆ.

"ಹೊಸಾ ಹೆಸರ ತಗೊಂಡ್ರ, ಆವತ್ತು ಹೊಡದಾಂವ ಯಾರಂತ ಹೇಳ್ಲಿರಿ?"

ಗುರುವಾರದ ಕೂಟದಲ್ಲಿ ನಾವು ಅವನ ಹೆಸರು ಹಿಡಿದು ಪ್ರಾರ್ಥಿಸುತ್ತಿದ್ದೆವು. ರೋಗಿಗಳು, ಪ್ರಯಾಣಿಕರು, ಆಮೇಲೆ "ಸೆರೆಯಲ್ಲಿರುವ ನಮ್ಮ ಸಹೋದರ ಯಲ್ಲಪ್ಪ". ಅತ್ತೆಯೂ ಆಮೆನ್ ಎನ್ನುತ್ತಿದ್ದಳು. ಹೀಗೆ ಅವನ ಹೆಸರು ವರ್ಷಗಟ್ಟಲೆ ನಮ್ಮ ಮನೆಯಲ್ಲಿತ್ತು. ಒಂದು ಗುರುವಾರ ಅಪ್ಪ, ಯಲ್ಲಪ್ಪನ ಶಿಕ್ಷೆ ಮುಗಿಯುತ್ತ ಬಂದಿದೆ, ಊರಿಗೆ ಹೋಗಲು ಅವನಿಗೆ ಮುಖವಿಲ್ಲ, ಇಲ್ಲಿಗೇ ಬರುತ್ತಾನೆ ಎಂದು ಹೇಳಿದ.

ಮೊದಲು ಮಾತಾಡಿದವನು ದಾವೀದಪ್ಪ. "ಎಲ್ಲಿ ಇರಸೂದ್ರಿ ಅವನ್ನ? ಹೆಣ್ಣುಡುಗರು ಇರೂ ಮನಿ ಇವು. ಮಂದಿ ಏನಂದಾರು?"

ಚೌಕಟ್ಟಿಗೆ ಒರಗಿ ನಿಂತಿದ್ದ ಅವ್ವ ಉತ್ತರ ಕೊಟ್ಟಳು. "ಇಷ್ಟು ವರ್ಷ ಅವನ ಸಲುವಾಗಿ ಬೇಡ್ಕೊಂಡ್ವಿ. ನಡುವ ಜೈಲಿನ ಗ್ವಾಡಿ ಇತ್ತು, ಬೇಡ್ಕೊಳ್ಳೂದು ಸಸಾರಿತ್ತು. ಈಗ ಗ್ವಾಡಿ ಇಲ್ಲ. ಬೇಡ್ಕೊಂಡದ್ದು ಖರೇನೋ ಸುಳ್ಳೋ ಈಗ ಗೊತ್ತಾಕ್ಕೈತಿ."

ಅವ್ವ ಕೂಟದಲ್ಲಿ ಅಷ್ಟು ಉದ್ದ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮಾಸ್ತರರು ಒಂದು ದಾರಿ ಹೇಳಿದರು. ಪುಣೆಯಲ್ಲಿ ಓದಲು ಬಂದ ಬಡ ಬ್ರಾಹ್ಮಣರ ಹುಡುಗರು ವಾರ ಹಚ್ಚಿಕೊಂಡು ಊಟ ಮಾಡುವುದುಂಟು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಹಾಗೆಯೇ ಯಲ್ಲಪ್ಪನಿಗೂ ವಾರ ಹಚ್ಚೋಣ, ಒಂದೇ ಮನೆಗೆ ಭಾರವಾಗುವುದು ಬೇಡ, ಆದರೆ ಯಾವ ಮನೆಯೂ ತಪ್ಪಿಸಿಕೊಳ್ಳುವುದೂ ಬೇಡ ಎಂದರು. ನಮ್ಮ ಮನೆಗೆ ಗುರುವಾರ ಮತ್ತು ಭಾನುವಾರ ಬಂದವು. ಕೇಳುತ್ತ ಕುಳಿತಿದ್ದ ಸಾರವ್ವ ಗಂಡನ ಕಡೆ ನೋಡಿ, "ಹಿಟ್ಟು ನಾದಾಕ ಒಬ್ಬ ಆಳ ಬೇಕಂತ ಅನ್ನಾಕತ್ತಿದ್ರೆಲ್ಲ" ಎಂದಳು. ದಾವೀದಪ್ಪ ಬಹಳ ಹೊತ್ತು ಗಡ್ಡ ಕೆರೆದುಕೊಂಡು, ಬೇಕರಿಯ ಹಿಂದಿನ ಕೋಣೆಯಲ್ಲಿ ಮಲಗಲಿ ಎಂದು ಒಪ್ಪಿದ. ಎಲ್ಲರೂ ಏಳಬೇಕು ಎನ್ನುವಾಗ ಅಡಿಗೆಯ ಕೋಣೆಯಿಂದ ಅತ್ತೆಯ ದನಿ ಕೇಳಿತು.

"ಮಾಸ್ತರ, ಅವನ ಸಲುವಾಗಿ ಪ್ರಾರ್ಥನಾ ಮಾಡ್ತೀನಿ. ಆದ್ರ ಅವನ ತಾಟಿಗೆ ರೊಟ್ಟಿ ಹಾಕೂದು ನನ್ನ ಕೈಲೆ ಆಗೂದಿಲ್ಲ. ಯಾರೂ ಕೇಳಬ್ಯಾಡ್ರಿ."

"ಕೇಳೂದಿಲ್ಲವ್ವಾ" ಎಂದರು ಮಾಸ್ತರರು.

ಯಲ್ಲಪ್ಪ ಮೊದಲ ಸಲ ನಮ್ಮ ಮನೆಗೆ ಬಂದ ಭಾನುವಾರ ನಾನು ಕೊಲೆಗಾರನ ಮುಖ ನೋಡಬೇಕೆಂದು ಕಟ್ಟೆಯ ಮೇಲೆ ಕಾದು ಕುಳಿತಿದ್ದೆ. ಬಂದವನು ಅಪ್ಪನಿಗಿಂತ ಎತ್ತರದ, ನರೆತ ಕೂದಲಿನ, ಬಾಗಿ ನಡೆಯುವ ಮನುಷ್ಯ. ಒಳಗೆ ಬಾ ಎಂದು ಅಪ್ಪ ಕೈ ಹಿಡಿಯುವವರೆಗೂ ಹೊಸ್ತಿಲ ಹೊರಗೇ ನಿಂತಿದ್ದ. ಅವ್ವ ಬಡಿಸಿದಳು: ಜೋಳದ ರೊಟ್ಟಿ, ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ. ಅವನು ರೊಟ್ಟಿಯನ್ನು ಎರಡು ಕೈಗಳಲ್ಲೂ ಹಿಡಿದು ನೋಡಿದ. ಊಟದ ನಡುವೆ ತಲೆ ಎತ್ತಿ, ಪಕ್ಕದಲ್ಲೇ ತಂಬಿಗೆ ಇದ್ದರೂ, "ನೀರು ಕುಡೀಲೇನ್ರಿ?" ಎಂದು ಕೇಳಿದ. ಅವ್ವ "ಕುಡಿ ಯಪ್ಪಾ" ಎಂದವಳು ಒಳಗೆ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಉಂಡಾದ ಮೇಲೆ, ಜೈಲಿನ ರೂಢಿಯಂತೆ, ತಾಟನ್ನು ತಾನೇ ತೊಳೆದು, ಕಾಲಿನ ಮುಂದೆ ಬೋರಲು ಹಾಕಿ, ಯಾರಾದರೂ ಹೋಗು ಎನ್ನುವವರೆಗೂ ನೆಟ್ಟಗೆ ನಿಂತಿದ್ದ. ಅತ್ತೆ ಆ ಹೊತ್ತೆಲ್ಲ ಹಿತ್ತಿಲ ಮೆಟ್ಟಿಲ ಮೇಲೆ, ನಮ್ಮ ಕಡೆ ಬೆನ್ನು ಮಾಡಿ ಕುಳಿತಿದ್ದಳು.

ಗುರುವಾರದ ಕೂಟಕ್ಕೂ ಅವನು ಬರತೊಡಗಿದ. ಬಾಗಿಲ ಹತ್ತಿರ, ಚಪ್ಪಲಿಗಳ ಪಕ್ಕದಲ್ಲಿ ಕೂರುತ್ತಿದ್ದ. ಅತ್ತೆ ಅಡಿಗೆಯ ಕೋಣೆಯಲ್ಲಿ, ಚೌಕಟ್ಟಿನ ಮರೆಗೆ. ನಾನು ಅವಳ ತೊಡೆಗೆ ತಾಗಿ ಕೂರುತ್ತಿದ್ದೆ. ಕೂಟದ ಕೊನೆಗೆ, ಕರ್ತನು ಕಲಿಸಿದ ಪ್ರಾರ್ಥನೆಯನ್ನು ಎಲ್ಲರೂ ಒಟ್ಟಿಗೆ ಹೇಳುವುದು ರೂಢಿ. ನಮಗೆ ಕೇಡು ಮಾಡಿದವರನ್ನು ನಾವು ಮನ್ನಿಸುವಂತೆ ನಮ್ಮನ್ನೂ ಮನ್ನಿಸು ಎಂಬ ಅರ್ಥದ ಒಂದು ಸಾಲು ಅದರಲ್ಲಿದೆ. ಅಲ್ಲಿಗೆ ಬಂದಾಗ ಅತ್ತೆಯ ದನಿ ನಿಂತಿತು. ಕೆಮ್ಮು ಬಂದಿರಬೇಕು ಎಂದುಕೊಂಡೆ. ಆ ಸಾಲು ದಾಟಿದ ಮೇಲೆ ಅವಳ ದನಿ ಮತ್ತೆ ಬಂದು ಎಲ್ಲರ ದನಿಯೊಳಗೆ ಸೇರಿಕೊಂಡಿತು. ಮುಂದಿನ ವಾರವೂ ಹಾಗೆಯೇ ಆಯಿತು. ತಲೆ ಬಾಚಿಸಿಕೊಳ್ಳುವಾಗ ಕೇಳಿದೆ.

"ಅತ್ತಿ, ಅದೊಂದ ಸಾಲು ಯಾಕ ಬಿಡ್ತಿ?"

ಬಾಚಣಿಗೆ ನಿಂತಿತು. "ಮಂದಿ ಮುಂದ ಸುಳ್ಳ ಹೇಳಿದ್ರ ಮಂದಿಗೆ ತಿಳಿಯೂದಿಲ್ಲ. ದೇವರ ಮುಂದ ಹ್ಯಾಂಗ ಹೇಳ್ಲಿ, ಎಸ್ತೇರಾ?"

"ಮದಲ ಅಂತಿದ್ದಿ."

"ಮದಲ ಮರತಿದ್ದೆ. ಇವ ಬಂದು ಕುಂತ ಮ್ಯಾಗ ಮರ್ಯಾಕ ಆಗವಲ್ದು."

ಇದನ್ನು ಅವಳು ನನಗೆ ಹೇಳಿ ಸುಮ್ಮನಾಗಬಹುದಿತ್ತು. ಹಾಗೆ ಮಾಡಲಿಲ್ಲ. ಈ ವಾರ ಹೇಗೆ ನಡೆದಿರಿ ಎಂದು ಮಾಸ್ತರರು ಕೇಳಿದ ಒಂದು ಸಂಜೆ, ಮರೆಯಿಂದ ಎದ್ದು ಬಂದು ಚೌಕಟ್ಟಿನಲ್ಲಿ ನಿಂತು, ನಾನು ಆ ಸಾಲು ಹೇಳುತ್ತಿಲ್ಲ, ಹೇಳಲು ಆಗುತ್ತಿಲ್ಲ, ನಿಮಗೆಲ್ಲ ಗೊತ್ತಿರಲಿ ಎಂದಳು. ಬಾಗಿಲ ಕಡೆ ನೋಡಲಿಲ್ಲ. ಅಲ್ಲಿ ಕುಳಿತಿದ್ದವನೂ ತಲೆ ಎತ್ತಲಿಲ್ಲ.

ದಾವೀದಪ್ಪ ಒಳ್ಳೆಯ ಮನಸ್ಸಿನಿಂದಲೇ ಹೇಳಿದ, "ಅಕ್ಕಾರ, ಬಾಯಿಲೆ ಅಂದಬಿಡ್ರಿ. ಮನಸ್ಸು ಹಿಂದಿಂದ ಬರ್ತದ."

"ಬ್ಯಾಡ" ಎಂದರು ಮಾಸ್ತರರು. "ಆಕಿ ಎಲ್ಲಿ ನಿಂತಾಳೋ ನಾವೂ ಅಲ್ಲೇ ನಿಂದರೂಣು. ಆ ಸಾಲು ಬಂದಾಗ ಯಾರೂ ಅನ್ನೂದ ಬ್ಯಾಡ. ಅದು ದಾಟೂ ತನಕ ಸುಮ್ಮನ ಕುಂದ್ರೂಣು, ಆಮ್ಯಾಲ ಎಲ್ಲಾರೂ ಕೂಡಿ ಮುಂದಿಂದು ಅನ್ನೂಣು."

"ಕರ್ತನ ಮಾತದು, ಮಾಸ್ತರ. ಅದನ್ನ ಕಡಿಯಾಕ ನಾವ್ಯಾರು?"

"ಕಡಿಯೂದಿಲ್ಲ, ದಾವೀದಪ್ಪ. ಕಾಯ್ತೀವಿ. ಎಲ್ಲಾರೂ ಮುಂದ ಹೋಗಿ ಒಬ್ಬಾಕಿನ್ನ ಹಿಂದ ಬಿಟ್ರ, ಕೂಟ ಅಂತ ಯಾಕ ಅನ್ನಬೇಕು?"

ಆ ಸಂಜೆಯಿಂದ ನಮ್ಮ ಪ್ರಾರ್ಥನೆಯ ನಡುವೆ ಒಂದು ಮೌನ ಬಂದು ಸೇರಿತು. ಒಂದು ಸಾಲು ಹೇಳುವಷ್ಟು ಹೊತ್ತು ಎಂದರೆ ಎಷ್ಟು ತಾನೆ? ಆದರೂ ನನಗೆ ಅದು ಬಹಳ ಉದ್ದವಾಗಿ ಕಾಣುತ್ತಿತ್ತು. ಕಂದೀಲು ಸುಯ್ಯೆನ್ನುವುದು, ಓಣಿಯಲ್ಲಿ ಟಾಂಗಾದ ಕುದುರೆಯ ಗೊರಸು, ಎದುರು ಮನೆಯಲ್ಲಿ ಯಾರೋ ಮಗುವನ್ನು ಕರೆಯುವುದು ಎಲ್ಲ ಆಗ ಕೇಳುತ್ತಿತ್ತು. ಮೊದಮೊದಲು ಅತ್ತೆಗೆ ಸಿಟ್ಟು ಬಂತು. ನನ್ನ ಒಬ್ಬಳ ಸಲುವಾಗಿ ಇಷ್ಟು ಮಂದಿ ಬಾಯಿ ಮುಚ್ಚಿಕೊಂಡು ಕೂರುವುದೇ ಎಂದು ಅವ್ವನ ಮೇಲೆ ರೇಗಿದಳು. ಸಲೋಮಿಬಾಯಿ ಮಾತ್ರ ಆಸ್ಪತ್ರೆಯಿಂದ ಮನೆಗೆ ಹೋಗುವಾಗ ಆಗಾಗ ನಮ್ಮಲ್ಲಿ ಇಳಿದು, ಏನೂ ಉಪದೇಶ ಮಾಡದೆ, ಅತ್ತೆಯ ಜೊತೆ ಕೂತು ಮೆಂತ್ಯದ ಸೊಪ್ಪು ಬಿಡಿಸಿ ಹೋಗುತ್ತಿದ್ದಳು.

ಎರಡು ಗುರುವಾರ ಯಲ್ಲಪ್ಪ ಬರಲಿಲ್ಲ. ಊಟಕ್ಕೂ ಇಲ್ಲ, ಕೂಟಕ್ಕೂ ಇಲ್ಲ. ಮಾಸ್ತರರು ಕೋಲು ಊರಿಕೊಂಡು ಬೇಕರಿಗೆ ಹೋದರು. ಅಪ್ಪನೂ ಜೊತೆಗಿದ್ದ, ಅಲ್ಲಿ ನಡೆದ ಮಾತನ್ನು ಮನೆಗೆ ಬಂದು ಹೇಳಿದ. ನನ್ನಿಂದ ಆ ತಾಯಿಗೆ ಸಂಕಟ, ನಾನು ಎಲ್ಲಾದರೂ ಹೋಗಿಬಿಡುತ್ತೇನೆ ಎಂದು ಯಲ್ಲಪ್ಪ ಗಂಟು ಕಟ್ಟಿಟ್ಟಿದ್ದನಂತೆ.

"ಓಡೂದು ನಿನಗ ಬರ್ತದ, ಯಲ್ಲಪ್ಪ" ಎಂದರಂತೆ ಮಾಸ್ತರರು. "ಒಮ್ಮೆ ಓಡೀದಿ. ಈಗ ನಿಂದ್ರೂದ ಕಲಿ. ಆಕಿಗೆ ಅದು ನಿನಕಿಂತ ಕಠಿಣ ಅದ, ಆದ್ರೂ ಆಕಿ ನಿಂತಾಳ."

ಅವನು ಗಂಟು ಬಿಚ್ಚಿದ. ಮುಂದಿನ ಭಾನುವಾರ ಊಟಕ್ಕೆ ಬಂದ. ಊಟವಾಗಿ, ಅಪ್ಪ ಜೈಲಿಗೆ ಹೊರಟುಹೋದ ಮೇಲೆ, ಯಲ್ಲಪ್ಪ ಕಟ್ಟೆಯ ಮೇಲೆ ಕುಳಿತು ನನ್ನ ಜೊತೆ ಶೇಂಗಾ ಸುಲಿಯುತ್ತಿದ್ದ. ಒಳಗಿನಿಂದ ಅತ್ತೆ ಹೊರಗೆ ಬಂದಳು. ಅಷ್ಟು ತಿಂಗಳುಗಳಲ್ಲಿ ಅವಳು ಅವನ ಎದುರಿಗೆ ಬಂದು ನಿಂತದ್ದು ಅದೇ ಮೊದಲು. ಅವನು ತಟಕ್ಕನೆ ಎದ್ದು ನಿಂತ.

"ನೀ ಹೊಡದ ಮ್ಯಾಲೆ ನಿನ್ನ ತಮ್ಮ ಏನರೆ ಮಾತಾಡಿದನೇನು?"

ಯಲ್ಲಪ್ಪನ ಕೈಯಲ್ಲಿದ್ದ ಶೇಂಗಾ ನೆಲಕ್ಕೆ ಬಿದ್ದವು.

"ಅಣ್ಣಾ ಅಂದ್ರಿ."

"ಆಮ್ಯಾಲ?"

"ನೀರು ಬೇಡಿದ. ನಾ ಕೊಡ್ಲಿಲ್ಲ. ಓಡಿದೆ."

ಅತ್ತೆ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಇದು ಅವಳಿಗೆ ಬೇಕಾಗಿದ್ದ ಉತ್ತರವಲ್ಲ ಎಂದು ನನಗೆ ಆಗ ಅನ್ನಿಸಿತು. ಈಗ ಹಾಗನ್ನಿಸುವುದಿಲ್ಲ. ತನ್ನ ಗಂಡನ ಕೊನೆಯ ಗಳಿಗೆಯಲ್ಲಿ ಅಲ್ಲಿದ್ದವರು ಯಾರೂ ಅವಳ ಮುಂದೆ ಬಾಯಿ ಬಿಟ್ಟಿರಲಿಲ್ಲ. ಅಂಥ ಗಳಿಗೆಯ ಬಗ್ಗೆ ಮುಚ್ಚಿಡದೆ ಹೇಳಿದವನು ಇವನೊಬ್ಬನೇ.

"ಅವನ ಹೇಣ್ತಿ ಅದಾಳೇನು?"

"ಅದಾಳ್ರಿ. ಗಂಗವ್ವ ಅಂತ. ಊರಾಗ ಅದಾಳ."

"ಆಕಿ ಮುಂದ ಹೋಗಿ ನಿಂತೇನು?"

"ಯಾವ ಮಾರಿ ಹೊತ್ಕೊಂಡು ಹೋಗ್ಲಿರಿ, ಯವ್ವಾ?"

ಅತ್ತೆ ಒಳಗೆ ಹೋದಳು. ಗುರುವಾರ ಕೂಟದಲ್ಲಿ, ನಾನು ಇವನ ಜೊತೆ ಇವನ ಊರಿಗೆ ಹೋಗುತ್ತೇನೆ ಎಂದಳು. ಅಪ್ಪನಿಗೂ ನಂಬಿಕೆ ಬರಲಿಲ್ಲ. ಊರಿನವರು ಇವನನ್ನು ಕಂಡರೆ ಕಲ್ಲು ಎತ್ತಬಹುದು ಎಂದ. "ನೀನೂ ಬಾ ಹಂಗಾರ" ಎಂದಳು ತಮ್ಮನಿಗೆ. ನನ್ನನ್ನೂ ಕರೆದುಕೊಂಡು ಹೋಗಬೇಕೆಂದಳು. "ಹುಡುಗಿ ಜೋಡಿ ಇದ್ರ ಹೆಣ್ಣಮಕ್ಕಳು ಬಾಗಲಾ ತಗೀತಾರ." ಸಾರವ್ವ ದಾರಿಗೆಂದು ಬ್ರೆಡ್ಡು, ನಾನಕಟಾಯಿ ಕಟ್ಟಿಕೊಟ್ಟಳು. ಸಲೋಮಿಬಾಯಿ ತನ್ನ ಉಣ್ಣೆಯ ಶಾಲು ಕೊಟ್ಟಳು. ನೀವು ಮರಳಿ ಬರುವವರೆಗೂ ಪ್ರತಿ ಸಂಜೆ ಇಲ್ಲಿ ಕೂಡಿ ಪ್ರಾರ್ಥಿಸುತ್ತೇವೆ ಎಂದರು ಮಾಸ್ತರರು.

ಸೊಲ್ಲಾಪುರ ದಾಟಿ, ಹೊಟಗಿಯಲ್ಲಿ ಗಾಡಿ ಬದಲಿಸಿ, ಸಣ್ಣ ರೈಲಿನಲ್ಲಿ ಬಿಜಾಪುರದ ಕಡೆ ಹೋಗಿ, ನಡುವಿನ ಒಂದು ಸ್ಟೇಶನ್ನಿನಲ್ಲಿ ಇಳಿದು ಚಕ್ಕಡಿಯಲ್ಲಿ ಹೋದೆವು. ಊರಿನ ಹೊರಗೆ ಒಂದು ಬೇವಿನ ಮರದ ಹತ್ತಿರ ಯಲ್ಲಪ್ಪ ಚಕ್ಕಡಿಯಿಂದ ಇಳಿದು, ಇನ್ನು ಮುಂದೆ ಕಾಲು ಬರುವುದಿಲ್ಲ ಎಂದು ಕುಳಿತುಬಿಟ್ಟ. ಅಪ್ಪ ಅವನ ಜೊತೆ ಉಳಿದ. ಅತ್ತೆ ನನ್ನ ಕೈ ಹಿಡಿದು, ದಾರಿ ಕೇಳುತ್ತ ಕೇಳುತ್ತ ಗಂಗವ್ವನ ಮನೆಗೆ ಹೋದಳು.

ಗಂಗವ್ವ ಅಂಗಳದಲ್ಲಿ ಕುಳಿತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅತ್ತೆಗಿಂತ ಚಿಕ್ಕವಳು, ಆದರೆ ಮುಖದಲ್ಲಿ ವಯಸ್ಸು ಕೂತುಬಿಟ್ಟಿತ್ತು. ಯಲ್ಲಪ್ಪನ ಜೊತೆ ಬಂದವರೆಂದು ತಿಳಿದಾಗ ಅವಳ ಕೈ ನಿಲ್ಲಲಿಲ್ಲ, ಮೊರ ಮಾತ್ರ ಜೋರಾಗಿ ಬಡಿಯತೊಡಗಿತು.

"ನೀವ್ಯಾರು ಅವಗ?"

"ಯಾರೂ ಅಲ್ಲವ್ವಾ. ನನ್ನ ಗಂಡನ್ನೂ ಹೀಂಗ ಬದುವಿನ ಮ್ಯಾಲೆ ಹೊಡದು ಒಗದಿದ್ರು."

ಮೊರ ನಿಂತಿತು. ಗಂಗವ್ವ ಅತ್ತೆಯನ್ನು ಮೇಲಿನಿಂದ ಕೆಳಗಿನವರೆಗೂ ನೋಡಿದಳು. ಆಮೇಲೆ ಗೋಡೆಗೆ ಒರಗಿಸಿಟ್ಟಿದ್ದ ಇನ್ನೊಂದು ಮೊರವನ್ನು ತೆಗೆದು, ಜೋಳ ಸುರಿದು, ಅವಳ ಮುಂದೆ ಸರಿಸಿದಳು. ಅತ್ತೆ ಕುಳಿತಳು. ಇಬ್ಬರೂ ಹರಳು ಆರಿಸತೊಡಗಿದರು.

"ಕ್ಷಮಾ ಬೇಡಾಕ ಬಂದಾನ" ಎಂದಳು ಅತ್ತೆ.

"ಕೊಡೂದಿಲ್ಲ."

"ಕೊಡಂತ ನಾ ಅನ್ನೂದಿಲ್ಲ. ನಾನೂ ಇನ್ನತನಕ ಕೊಟ್ಟಿಲ್ಲ."

"ಮತ್ತ ಯಾಕ ಬಂದ್ರಿ?"

"ನನ್ನ ಕಡೆ ಯಾರೂ ಬರ್ಲಿಲ್ಲ. ಅದಕ್ಕ ಬಂದೆ."

ಗಂಗವ್ವ ಆಗ ಕೆಳದನಿಯಲ್ಲಿ ಕೇಳಿದಳು, "ಕಡೀಕ ಏನರೆ ಅಂದಿದ್ದನಂತೇನ್ರಿ ಅಂವ?" ಅತ್ತೆ ನನ್ನ ಕಡೆ ಒಮ್ಮೆ ನೋಡಿದಳು. ಆಮೇಲೆ ಒಂದನ್ನೂ ಬಿಡದೆ ಹೇಳಿದಳು: ಅಣ್ಣಾ ಎಂದದ್ದು, ನೀರು ಬೇಡಿದ್ದು, ಕೊಡದೆ ಓಡಿದ್ದು. ಗಂಗವ್ವ ಮೊರವನ್ನು ದೂಡಿ, ಮಣ್ಣಿನ ನೆಲಕ್ಕೆ ಹಣೆ ಹಚ್ಚಿ ಅತ್ತಳು. ಅತ್ತೆ ಅವಳ ಬೆನ್ನ ಮೇಲೆ ಕೈಯಿಟ್ಟುಕೊಂಡು ಕುಳಿತಳು. ಅತ್ತೆ ಅಳುವುದನ್ನೂ ನಾನು ಆವತ್ತೇ ನೋಡಿದ್ದು. ಅದು ಗಂಗವ್ವನ ಗಂಡನ ಸಲುವಾಗಿಯೋ ತನ್ನ ಗಂಡನ ಸಲುವಾಗಿಯೋ ಕೇಳುವ ಧೈರ್ಯ ನನಗೆ ಎಂದೂ ಬರಲಿಲ್ಲ.

ಹೊರಡುವಾಗ ಗಂಗವ್ವ ನನ್ನ ಉಡಿಗೆ ಒಂದು ಹಿಡಿ ಜೋಳ ಹಾಕಿದಳು. "ನೀವು ಮತ್ತ ಬರ್ರಿ, ಅಕ್ಕಾರ. ಅವನ್ನ ತರಬ್ಯಾಡ್ರಿ" ಎಂದಳು ಅತ್ತೆಗೆ. ಬೇವಿನ ಮರದ ಕೆಳಗೆ ಯಲ್ಲಪ್ಪ ಇದ್ದ ಜಾಗದಲ್ಲೇ ಇದ್ದ. ನಮ್ಮನ್ನು ಕಂಡು ಎದ್ದು ನಿಲ್ಲಲು ನೋಡಿದ, ಆಗಲಿಲ್ಲ.

"ಆಕಿ ಕ್ಷಮಿಸಿಲ್ಲ" ಎಂದಳು ಅತ್ತೆ. "ಮುಂದ ಕ್ಷಮಿಸ್ತಾಳೋ ಇಲ್ಲೋ ನನಗ ಗೊತ್ತಿಲ್ಲ. ಏಳು. ಮನೀಗೆ ಹೋಗೂಣು."

ಮನೀಗೆ ಎಂಬ ಆ ಮಾತಿಗೆ ಅಪ್ಪ ತಲೆ ಎತ್ತಿ ಅಕ್ಕನ ಮುಖ ನೋಡಿದ. ಯಲ್ಲಪ್ಪ ನೆಲಕ್ಕೆ ಕೈ ಊರಿ ಎದ್ದ. ಹೊಟಗಿಯ ಪ್ಲಾಟ್‌ಫಾರ್ಮಿನ ಮೇಲೆ ಪುಣೆಯ ಗಾಡಿಗೆ ಕಾಯುವಾಗ ಅತ್ತೆ ಬುತ್ತಿಯ ಗಂಟು ಬಿಚ್ಚಿದಳು. ಅಪ್ಪನಿಗೆ ಕೊಟ್ಟಳು, ನನಗೆ ಕೊಟ್ಟಳು. ಆಮೇಲೆ ಒಂದು ರೊಟ್ಟಿಯ ಮೇಲೆ ಶೇಂಗಾದ ಚಟ್ನಿಪುಡಿ ಹಾಕಿ, ಮಡಚಿ, ಯಲ್ಲಪ್ಪನ ಕಡೆ ಕೈ ಚಾಚಿದಳು. ಅವನು ಅದನ್ನು ಹಿಡಿದುಕೊಂಡು ಕುಳಿತೇ ಇದ್ದ.

"ಉಣ್ಣು" ಎಂದಳು. "ಗಾಡಿ ಬರ್ತದ."

ಮುಂದಿನ ಗುರುವಾರ ಪ್ರಾರ್ಥನೆ ಆ ಸಾಲಿಗೆ ಬಂದಾಗ ರೂಢಿಯಂತೆ ಎಲ್ಲರೂ ದನಿ ನಿಲ್ಲಿಸಿದರು. ಆ ಮೌನದಲ್ಲಿ ಅತ್ತೆಯ ದನಿಯೊಂದೇ ಕೇಳಿತು. ಮೊದಲ ಎರಡು ಮಾತು ಹೇಳಿ ನಿಂತಳು. ಉಳಿದದ್ದನ್ನು ನಿಧಾನವಾಗಿ, ಒಂದೊಂದೇ ಪದ ಇಟ್ಟು ಹೇಳಿ ಮುಗಿಸಿದಳು. ಯಾರೂ ಅವಳ ಜೊತೆ ದನಿ ಕೂಡಿಸಲಿಲ್ಲ, ಮುಂದಿನ ಸಾಲನ್ನು ಮಾತ್ರ ಎಲ್ಲರೂ ಒಟ್ಟಿಗೆ ಎತ್ತಿಕೊಂಡರು. ಕೂಟ ಮುಗಿದ ಮೇಲೆ ಅವಳು ಹೇಳಿದ್ದು ಇಷ್ಟೇ: "ಇವತ್ತ ಅಂದೇನಿ. ಮುಂದಿನ ವಾರದ್ದು ಗೊತ್ತಿಲ್ಲ." ಅದು ನಿಜವೂ ಆಯಿತು. ಕೆಲವು ವಾರ ಅವಳಿಗೆ ಆಗುತ್ತಿರಲಿಲ್ಲ. ಆಗ ಎಲ್ಲರೂ ನಿಲ್ಲುತ್ತಿದ್ದರು, ದಾವೀದಪ್ಪನೂ ಸಹ. ನಂಬಿಕೆ ಎಂದರೆ ಒಮ್ಮೆ ಗೆದ್ದು ಮುಗಿಸುವ ಕುಸ್ತಿ ಎಂದು ನನಗೆ ಎಂದೂ ಅನ್ನಿಸದೆ ಇದ್ದದ್ದು ಆ ಗುರುವಾರಗಳಿಂದ. ಮುಂದೆ ನಾನು ಸಲೋಮಿಬಾಯಿಯ ಹಾದಿಯಲ್ಲೇ ನರ್ಸಾದೆ. ನೋವಿನಲ್ಲಿದ್ದವರ ಪಕ್ಕದಲ್ಲಿ ಏನೂ ಹೇಳದೆ ಕೂರುವುದನ್ನು ಯಾವ ಆಸ್ಪತ್ರೆಯೂ ನನಗೆ ಹೊಸದಾಗಿ ಕಲಿಸಬೇಕಾಗಲಿಲ್ಲ.

ಯಲ್ಲಪ್ಪ ಬೇಕರಿಯಲ್ಲೇ ಉಳಿದ. ಅತ್ತೆ ವರ್ಷಕ್ಕೊಮ್ಮೆ ಸುಗ್ಗಿಯ ನಂತರ ಗಂಗವ್ವನ ಊರಿಗೆ ಹೋಗಿ ಬರುತ್ತಿದ್ದಳು. ಕಡೆಗೆ ಅವಳಿಗೆ ಉಸಿರಿನ ಬೇನೆ ಹತ್ತಿ, ಓಡಾಟ ನಿಂತು, ಪಡಸಾಲೆಯ ಮೂಲೆಯಲ್ಲಿ ಹಾಸಿಗೆ ಹಿಡಿದಳು. ಆ ವರ್ಷ ಅತ್ತೆ ಬರಲಿಲ್ಲವಲ್ಲ ಎಂದು ಗಂಗವ್ವನೇ ಹುಡುಕಿಕೊಂಡು ಬಂದಳು. ಊರು ಬಿಟ್ಟು ಹೊರಗೆ ಹೋದವಳಲ್ಲ, ರೈಲು ಹತ್ತಿದವಳಲ್ಲ. ತಲೆಯ ಮೇಲೆ ಜೋಳದ ಹಿಟ್ಟಿನ ಗಂಟು ಹೊತ್ತು, ಸಿಕ್ಕವರನ್ನೆಲ್ಲ ಕನ್ನಡದಲ್ಲೇ ಕೇಳುತ್ತ ನಮ್ಮ ಓಣಿಯನ್ನು ಮುಟ್ಟಿದ್ದಳು. ಅತ್ತೆಯ ತಲೆಯ ಹತ್ತಿರ ಕುಳಿತು ಅವಳ ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಅವತ್ತು ಭಾನುವಾರ, ಯಲ್ಲಪ್ಪ ನಮ್ಮಲ್ಲಿಗೆ ಊಟಕ್ಕೆ ಬರುವ ದಿನ. ಅವ್ವನಿಗೂ ನನಗೂ ಒಂದೇ ಹೊತ್ತಿಗೆ ಅದು ಹೊಳೆಯಿತು. ಓಡಿಹೋಗಿ ತಡೆಯಬೇಕೆಂದು ನಾನು ಬಾಗಿಲಿಗೆ ಬರುವಷ್ಟರಲ್ಲಿ ಯಲ್ಲಪ್ಪ ಕಟ್ಟೆ ಹತ್ತಿ ಬಂದಿದ್ದ.

ಅವನು ಹೊಸ್ತಿಲಲ್ಲಿ ನಿಂತ. ಗಂಗವ್ವ ಅವನನ್ನು ನೋಡಿದಳು. ಸೆರಗನ್ನು ಹಣೆಯ ಮೇಲೆ ಎಳೆದುಕೊಂಡು ಮುಖ ಗೋಡೆಯ ಕಡೆ ತಿರುಗಿಸಿದಳು. ಯಲ್ಲಪ್ಪ ಹಿಂದಕ್ಕೆ ಸರಿಯಲು ಹೋದ. ಆಗ ಹಾಸಿಗೆಯಿಂದ ಅತ್ತೆ, ಉಸಿರು ಸಾಲದೆ, ಒಂದೇ ಮಾತು ಆಡಿದಳು.

"ಕುಂದರ್ರಿ."

ಯಾರ ಕಡೆ ನೋಡಿ ಹೇಳಿದಳೋ ತಿಳಿಯಲಿಲ್ಲ. ಯಲ್ಲಪ್ಪ ಕಟ್ಟೆಯ ಮೇಲೆ ಕುಳಿತ. ಗಂಗವ್ವನೂ ಎದ್ದು ಹೋಗಲಿಲ್ಲ. ಅವ್ವ ಒಲೆ ಹೊತ್ತಿಸಿ, ಗಂಗವ್ವ ತಂದ ಹಿಟ್ಟನ್ನೇ ನಾದಿ ರೊಟ್ಟಿ ಬಡಿಯಲು ಶುರುಮಾಡಿದಳು. ಬೆಂದ ಹಾಗೆ ನಾನು ಒಂದು ರೊಟ್ಟಿ ಒಳಗೆ ಕೊಟ್ಟೆ, ಒಂದು ರೊಟ್ಟಿ ಹೊರಗೆ ಕೊಟ್ಟೆ. ಇಬ್ಬರೂ ಒಂದೇ ಒಂದು ಮಾತೂ ಆಡದೆ, ಒಬ್ಬರಿಗೊಬ್ಬರು ಕಾಣದ ಹಾಗೆ ಕುಳಿತು, ಹೊಟ್ಟೆ ತುಂಬ ಉಂಡರು.